ಮಕ್ಕಳ ಫುಟ್‌ಬಾಲ್‌ನಲ್ಲಿ ಫಾರ್ಮೇಶನ್: ನಂಬಿಕೆ ಒಂದು, ಮೈದಾನ ಹೇಳುವುದು ಇನ್ನೊಂದು

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂ ಕಡೆ ಆಟ ಎಂದರೆ ತಲೆಮಾರುಗಳಿಂದ ಕ್ರಿಕೆಟ್. ಅನಿಲ್ ಕುಂಬ್ಳೆ ಓದಿದ ನ್ಯಾಷನಲ್ ಹೈಸ್ಕೂಲು ಬಸವನಗುಡಿಯದು. ಫುಟ್‌ಬಾಲ್ ಬೇರೂರಿದ್ದು ಊರಿನ ಇನ್ನೊಂದು ಮಗ್ಗುಲಲ್ಲಿ, ದಂಡು ಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರಗಳಲ್ಲಿ. ಈಗ ಆ ಗೆರೆ ಅಳಿಸುತ್ತಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಕಂಠೀರವ ಕ್ರೀಡಾಂಗಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ಹೆಚ್ಚಾದರು. ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್‌ಗಳು ಹಳೆಯ ಬಡಾವಣೆಗಳೊಳಗೂ ಬಂದವು. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರ ನಂತರ ಮೊದಲ ಸಲ ಸಂತೋಷ್ ಟ್ರೋಫಿ ತಂದಿತು.

ಉತ್ಸಾಹದ ಬೆನ್ನಿಗೇ ಒಂದು ಪ್ರಶ್ನೆಯೂ ಬಂದಿದೆ. ಮಗುವನ್ನು ಕೋಚಿಂಗ್‌ಗೆ ಸೇರಿಸಿ ಇನ್ನೂ ಶೂ ಮಾಸಿರುವುದಿಲ್ಲ, ಅಷ್ಟರಲ್ಲೇ ಪೋಷಕರು ಕೇಳುತ್ತಾರೆ: “ಸಾರ್, ನಮ್ಮ ಟೀಮು ಯಾವ ಫಾರ್ಮೇಶನ್ ಆಡೋದು? ಇವನ ಪೊಸಿಷನ್ ಯಾವ್ದು?” ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಅದರ ಹಿಂದೆ ಕೆಲವು ನಂಬಿಕೆಗಳಿವೆ. ಪೋಷಕರಲ್ಲಿ ಮಾತ್ರವಲ್ಲ, ಶಾಲೆಯ ಪಿ.ಟಿ. ಮೇಷ್ಟ್ರುಗಳಲ್ಲಿ, ಹೊಸ ಕೋಚ್‌ಗಳಲ್ಲಿ, ಟೂರ್ನಮೆಂಟ್ ನಡೆಸುವವರಲ್ಲಿ ಕೂಡ ಇವೆ. ಅವುಗಳಿಂದ ನಷ್ಟವಾಗುವುದು ಮಕ್ಕಳಿಗೆ. ಹಾಗಾಗಿ ಒಂದೊಂದನ್ನೂ ತೆಗೆದು ನೋಡಬೇಕು.

“ಸರಿಯಾದ ಫಾರ್ಮೇಶನ್ ಸಿಕ್ಕರೆ ಮ್ಯಾಚ್ ಅರ್ಧ ಗೆದ್ದ ಹಾಗೆ”

ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಹೀಗನ್ನಿಸುವುದು ಸಹಜ. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಸ್ಲಿಪ್, ಗಲ್ಲಿ, ಶಾರ್ಟ್ ಲೆಗ್ ಎಂದು ಒಬ್ಬೊಬ್ಬರನ್ನೂ ನಿಲ್ಲಿಸುತ್ತಾನೆ. ಬೌಲರ್ ಓಡಿ ಬಂದು ಚೆಂಡು ಎಸೆಯುವವರೆಗೂ ಅವರು ಹೆಚ್ಚು ಕಡಿಮೆ ಅಲ್ಲೇ ಇರುತ್ತಾರೆ. ಒಂದು ಚೆಂಡು ಮುಗಿದ ಮೇಲೆ ಮತ್ತೆ ಜೋಡಿಸಲು ಸಮಯವೂ ಇದೆ. ಫುಟ್‌ಬಾಲ್‌ನಲ್ಲಿ ಅಂಥ ಬಿಡುವಿಲ್ಲ. ಕಾಗದದ ಮೇಲೆ 4-4-2 (ಗೋಲ್‌ಕೀಪರನನ್ನು ಬಿಟ್ಟು ಹಿಂದಿನಿಂದ ಮುಂದಕ್ಕೆ ಎಣಿಸಿದರೆ ನಾಲ್ವರು, ನಾಲ್ವರು, ಇಬ್ಬರು) ಎಂದು ಬರೆದದ್ದು ಕಿಕ್-ಆಫ್‌ನ ಕ್ಷಣದಲ್ಲಿ ಮಾತ್ರ ಹಾಗೆಯೇ ಕಾಣುತ್ತದೆ. ಚೆಂಡು ಹೊರಟ ಮೇಲೆ ತಂಡದ ಆಕಾರ ಪ್ರತಿ ಕ್ಷಣ ಬದಲಾಗುತ್ತದೆ. ಚೆಂಡು ನಮ್ಮ ಕಾಲಲ್ಲಿದ್ದಾಗ ತಂಡ ಅಗಲವಾಗುತ್ತದೆ, ಕಳೆದುಕೊಂಡಾಗ ಒಟ್ಟಾಗುತ್ತದೆ. ಅದೇ ಹನ್ನೊಂದು ಜನ, ಅದೇ ಸಂಖ್ಯೆ, ಎರಡು ಬೇರೆ ಚಿತ್ರ.

ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿ ಇದೆ. ಆರಂಭದ ದಶಕಗಳಲ್ಲಿ ಜಗತ್ತೆಲ್ಲ ಆಡುತ್ತಿದ್ದದ್ದು 2-3-5: ಇಬ್ಬರು ಹಿಂದೆ, ಮೂವರು ನಡುವೆ, ಐವರು ಮುಂದೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಫಾರ್ವರ್ಡ್ ಆಟಗಾರನ ಮುಂದೆ ಮೂವರು ಎದುರಾಳಿಗಳು ಇರಬೇಕಿದ್ದ ಕಡೆ ಇಬ್ಬರಿದ್ದರೆ ಸಾಕು ಎಂದಾಯಿತು. ಗೋಲುಗಳು ಹೆಚ್ಚಾದವು, ಹಿಂದೆ ಮೂರನೆಯವನು ಬೇಕಾದ. ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ಅದನ್ನು ಡಬ್ಲ್ಯು-ಎಂ ಎಂಬ ವ್ಯವಸ್ಥೆಯಾಗಿ ಗಟ್ಟಿಗೊಳಿಸಿದರು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ಅದೇ ಡಬ್ಲ್ಯು-ಎಂ ಹಿಡಿದು ಹಂಗೇರಿಯ ಎದುರು ಇಳಿಯಿತು. ಹಂಗೇರಿಯ ತಂಡದ ಪಟ್ಟಿಯಲ್ಲೂ 9ನೇ ನಂಬರಿನ ಸೆಂಟರ್ ಫಾರ್ವರ್ಡ್ ಇದ್ದ, ನಾಂಡೋರ್ ಹಿಡೆಕುಟಿ. ಆದರೆ ಅವನು ಮುಂದೆ ನಿಲ್ಲಲಿಲ್ಲ, ಹಿಂದೆ ಸರಿದು ನಡುಮೈದಾನದಲ್ಲಿ ಚೆಂಡು ಪಡೆಯುತ್ತಿದ್ದ. ಅವನನ್ನು ಕಾಯಬೇಕಿದ್ದ ಇಂಗ್ಲೆಂಡ್‌ನ ಡಿಫೆಂಡರ್ ಬೆನ್ನು ಹತ್ತಿದರೆ ಹಿಂದೆ ಜಾಗ ಖಾಲಿ, ಹತ್ತದಿದ್ದರೆ ಹಿಡೆಕುಟಿ ಸ್ವತಂತ್ರ. ಹಂಗೇರಿ 6-3ರಿಂದ ಗೆದ್ದಿತು. ಹಿಡೆಕುಟಿ ಮೂರು ಗೋಲು ಹೊಡೆದ. ಪಟ್ಟಿಯ ಸಂಖ್ಯೆಗಳನ್ನು ನೋಡಿದವರಿಗೆ ಆ ಪಂದ್ಯ ಅರ್ಥವಾಗುವುದಿಲ್ಲ, ಆಟಗಾರರ ಓಡಾಟ ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ.

ನಮ್ಮವರ ಉದಾಹರಣೆಯೇ ಬೇಕೆಂದರೆ ಅಹ್ಮದ್ ಖಾನ್. ಬೆಂಗಳೂರಿನಲ್ಲಿ ಆಡಿ ಬೆಳೆದ, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದ ಇವರು ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆಗೆ ಮುಂಚೂಣಿಯ ಐವರಲ್ಲಿ ಒಬ್ಬರಾದರು. ಜನ ಆ ಐವರನ್ನು ಪಂಚಪಾಂಡವರು ಎಂದೇ ಕರೆದರು. ಐದು ಜನ ಫಾರ್ವರ್ಡ್ ಎಂದಾಕ್ಷಣ ಐವರೂ ಒಂದೇ ಸಾಲಿನಲ್ಲಿ ಗೋಲಿನ ಮುಂದೆ ನಿಂತಿದ್ದರು ಎಂದಲ್ಲ. ಆ ಕಾಲದ ಇನ್‌ಸೈಡ್ ಫಾರ್ವರ್ಡ್‌ಗಳ ಕೆಲಸವೇ ಹಿಂದೆ ಬಂದು ಚೆಂಡು ಪಡೆದು, ನಡುವಿನವರನ್ನೂ ಮುಂದಿನವರನ್ನೂ ಬೆಸೆಯುವುದು. ಅಹ್ಮದ್ ಖಾನ್ ಅವರ ಹೆಸರು ಉಳಿದಿರುವುದು ಚೆಂಡಿನ ಮೇಲೆ ಅವರಿಗಿದ್ದ ಹಿಡಿತದಿಂದ. ಯಾವ ಸಂಖ್ಯೆಯೂ ಅದನ್ನು ಕೊಡಲಾರದು.

ಹತ್ತು ವರ್ಷದ ಮಗುವಿಗೆ ಬಂದ ಚೆಂಡನ್ನು ಕಾಲಲ್ಲಿ ನಿಲ್ಲಿಸಲು ಬಾರದಿದ್ದರೆ, ತಲೆ ಎತ್ತಿ ನೋಡುವ ಅಭ್ಯಾಸವಿಲ್ಲದಿದ್ದರೆ, ಯಾವ ಫಾರ್ಮೇಶನ್ ಹಾಕಿದರೂ ಫಲ ಒಂದೇ. ಆದ್ದರಿಂದ ಮಕ್ಕಳ ಕೋಚ್ ಕೇಳಿಕೊಳ್ಳಬೇಕಾದದ್ದು ಇಷ್ಟು: ಯಾವ ಜೋಡಣೆಯಲ್ಲಿ ನನ್ನ ಎಲ್ಲ ಮಕ್ಕಳ ಕಾಲಿಗೂ ಹೆಚ್ಚು ಸಲ ಚೆಂಡು ಬರುತ್ತದೆ, ಚೆಂಡು ಹಿಡಿದವನಿಗೆ ಹೆಚ್ಚು ದಾರಿ ಕಾಣುತ್ತದೆ?

“ಚೆಂಡಿನ ಹಿಂದೆ ಗುಂಪಾಗಿ ಓಡ್ತಾರೆ, ಮೊದಲು ಪೊಸಿಷನ್ ಕಲಿಸಿ”

ಆರು, ಏಳು, ಎಂಟು ವರ್ಷದ ಮಕ್ಕಳ ಆಟವನ್ನು ಹೊರಗೆ ನಿಂತು ನೋಡುವವರಿಗೆ ಅತಿ ಹೆಚ್ಚು ಕಿರಿಕಿರಿ ಇದೇ. ಚೆಂಡು ಎಲ್ಲಿದೆಯೋ ಹತ್ತೂ ಮಕ್ಕಳು ಅಲ್ಲಿ. ಗೆರೆಯ ಆಚೆಯಿಂದ ಕೂಗು: “ಲೋ, ನಿನ್ ಜಾಗ ಬಿಟ್ಟು ಬರ್ಬೇಡ ಕಣೋ!”

ಈ ವಯಸ್ಸಿನ ಮಗುವಿಗೆ ತಾನು ಮತ್ತು ಚೆಂಡು, ಇವೆರಡರ ಸಂಬಂಧವೇ ಆಟ. ಚೆಂಡಿಲ್ಲದ ಕಡೆ ಜಾಗ ಇದೆ, ಆ ಜಾಗಕ್ಕೆ ಮುಂದೆ ಚೆಂಡು ಬರಬಹುದು, ಗೆಳೆಯ ಅದನ್ನು ನೋಡುತ್ತಾನೆ ಎಂಬ ಲೆಕ್ಕ ಬೆಳೆಯುವುದು ನಿಧಾನ. ಗುಂಪಿನೊಳಗೆ ನುಗ್ಗಿ ಚೆಂಡು ಕಿತ್ತು ಹೊರಬರುವ ಮಗು ಅಲ್ಲೇ ಡ್ರಿಬ್ಲಿಂಗ್, ಮೈ ಅಡ್ಡ ಕೊಡುವುದು, ತಿರುಗುವುದು ಎಲ್ಲ ಕಲಿಯುತ್ತಿದೆ. ಅದನ್ನು ಎಳೆದು ತಂದು ಗೋಲಿನ ಹತ್ತಿರ “ಡಿಫೆಂಡರ್” ಎಂದು ನಿಲ್ಲಿಸಿದರೆ ಮೈದಾನ ಅಚ್ಚುಕಟ್ಟಾಗಿ ಕಾಣುತ್ತದೆ, ನಿಂತ ಮಗು ಕಾಲಿಗೆ ಚೆಂಡು ತಾಗದೆ ಮನೆಗೆ ಹೋಗುತ್ತದೆ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಗುಂಪು ಒಡೆಯಲು ಸರಿಯಾದ ದಾರಿ ಮಕ್ಕಳ ಸಂಖ್ಯೆ ಕಡಿಮೆ ಮಾಡುವುದು. ಹತ್ತು ಮಕ್ಕಳು ಒಂದು ಚೆಂಡಿನ ಹಿಂದೆ ಓಡುವ ಬದಲು ಅದೇ ಟರ್ಫ್‌ನಲ್ಲಿ ಕೋನ್ ಇಟ್ಟು ಎರಡು ಅಂಗಳ ಮಾಡಿ, ಒಂದರಲ್ಲಿ ಮೂವರ ಎದುರು ಮೂವರನ್ನು, ಇನ್ನೊಂದರಲ್ಲಿ ಇಬ್ಬರ ಎದುರು ಇಬ್ಬರನ್ನು ಆಡಿಸಿ. ಪ್ರತಿ ತುದಿಯಲ್ಲಿ ಒಂದರ ಬದಲು ಎರಡು ಚಿಕ್ಕ ಗೋಲು ಇಟ್ಟರೆ, ಒಂದು ಗೋಲಿನ ಮುಂದೆ ಜನ ತುಂಬಿದಾಗ ಇನ್ನೊಂದರ ಕಡೆ ಜಾಗ ಇದೆ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಆ ವಯಸ್ಸಿಗೆ ಅದೇ ಫಾರ್ಮೇಶನ್ ಪಾಠ. ಒಂಬತ್ತು ಹತ್ತರ ಹೊತ್ತಿಗೆ ಗುಂಪು ತಾನಾಗಿ ಸಡಿಲವಾಗಲು ಶುರುವಾಗುತ್ತದೆ.

“ದೊಡ್ಡ ತಂಡಗಳು 4-3-3 ಆಡುತ್ತವೆ, ನಮ್ಮ ಮಕ್ಕಳೂ ಅದನ್ನೇ ಕಲಿಯಲಿ”

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪೂರ್ಣ ಅಳತೆಯ ಮೈದಾನ 105 × 68 ಮೀಟರ್, ಅಂದರೆ 7,140 ಚದರ ಮೀಟರ್. 22 ಆಟಗಾರರಿಗೆ ಹಂಚಿದರೆ ತಲೆಗೆ ಸುಮಾರು 325. ಐವರ ಆಟವಾದ ಫುಟ್ಸಾಲ್‌ನ 40 × 20 ಮೀಟರ್ ಅಂಗಳದಲ್ಲಿ ಹತ್ತು ಜನರಿಗೆ ತಲೆಗೆ 80. ನಮ್ಮ ಬಡಾವಣೆಗಳ ಬಹುತೇಕ ಟರ್ಫ್ ಆಟ ಈ ಎರಡನೇ ಲೆಕ್ಕಕ್ಕೆ ಹತ್ತಿರ. ಟಿ.ವಿ.ಯಲ್ಲಿ ಕಾಣುವ 4-3-3 ನಾಲ್ಕು ಪಟ್ಟು ಜಾಗಕ್ಕಾಗಿ ಹುಟ್ಟಿದ ಜೋಡಣೆ. ವಿಂಗರ್ ಗೆರೆ ಹಿಡಿದು ನಿಂತು ಎದುರಾಳಿಗಳನ್ನು ಅಗಲಕ್ಕೆ ಎಳೆಯುವ ಉಪಾಯ 68 ಮೀಟರ್ ಅಗಲದಲ್ಲಿ ಫಲ ಕೊಡುತ್ತದೆ, 20 ಮೀಟರ್‌ನಲ್ಲಿ ಅಷ್ಟಾಗಿ ಅಲ್ಲ.

ಗೋಲಿನ ಅಳತೆಯೂ ಅಷ್ಟೇ ಮುಖ್ಯ. ದೊಡ್ಡ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಹತ್ತು ವರ್ಷದ ಮಗು ಹಾರಿದರೂ ಆ ಅಡ್ಡಪಟ್ಟಿ ಮುಟ್ಟುವುದಿಲ್ಲ. ತಲೆ ಮೇಲೆ ಹಾರಿ ಹೋದ ಗೋಲಿಗೆ “ಡಿಫೆನ್ಸ್ ಸರಿ ಇಲ್ಲ” ಎಂದು ಫಾರ್ಮೇಶನ್ ಬದಲಿಸುವ ಕೋಚ್ ತಪ್ಪು ಕಡೆ ಔಷಧ ಹಚ್ಚುತ್ತಿದ್ದಾನೆ.

ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ 2012ರಲ್ಲಿ ಒಪ್ಪಿದ ಸುಧಾರಣೆಯಂತೆ ಅಲ್ಲಿ ಮಕ್ಕಳು ಮೊದಲು ಐವರ ಆಟ, 9 ಮತ್ತು 10 ವರ್ಷದೊಳಗಿನವರು ಏಳು ಜನರ ಆಟ, 11 ಮತ್ತು 12 ವರ್ಷದೊಳಗಿನವರು ಒಂಬತ್ತು ಜನರ ಆಟ ಆಡಿ, ಆಮೇಲೆ ಹನ್ನೊಂದಕ್ಕೆ ಹೋಗುವ ಕ್ರಮ ಬಂತು. ಚಿಕ್ಕವರ ಆಟದಲ್ಲಿ ಗೋಲ್ ಕಿಕ್ ಇದ್ದಾಗ ಎದುರಾಳಿಗಳು ತಮ್ಮ ಅರ್ಧಕ್ಕೆ ಹಿಂದೆ ಸರಿಯಬೇಕು, ಹಿಂದಿನ ಮಕ್ಕಳು ಭಯವಿಲ್ಲದೆ ಚೆಂಡು ಪಡೆದು ಆಟ ಕಟ್ಟಲಿ ಎಂದು. ಭಾರತದಲ್ಲೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ (ಎಐಎಫ್‌ಎಫ್) 2018ರಲ್ಲಿ ಬೇಬಿ ಲೀಗ್ ಶುರುಮಾಡಿದ್ದು ಇದೇ ವಿಚಾರದ ಮೇಲೆ: ಚಿಕ್ಕ ಮೈದಾನ, ಕಡಿಮೆ ಮಕ್ಕಳು, ಹೆಚ್ಚು ಆಟ.

ಹಾಗಾದರೆ ಐವರ ಆಟಕ್ಕೆ ಯಾವುದು? ಗೋಲ್‌ಕೀಪರನನ್ನು ಬಿಟ್ಟು ನಾಲ್ವರು. ಸಾಮಾನ್ಯವಾಗಿ ಹೊಸ ಕೋಚ್ ಮಾಡುವುದು 2-2, ಇಬ್ಬರು ಹಿಂದೆ, ಇಬ್ಬರು ಮುಂದೆ. ಅರ್ಥ ಮಾಡಿಸಲು ಸುಲಭ, ನಿಜ. ಆದರೆ ನಡುವೆ ಯಾರೂ ಇಲ್ಲ. ಹಿಂದಿನವರಿಗೆ ಕಾಣುವ ಪಾಸ್‌ಗಳು ನೇರ ಅಥವಾ ಅಡ್ಡ, ಅಷ್ಟೇ. ನೇರ ಪಾಸ್ ಪಡೆಯುವ ಮಗು ಗೋಲಿಗೆ ಬೆನ್ನು ತಿರುಗಿಸಿ ನಿಂತಿರುತ್ತದೆ, ತಿರುಗುವಷ್ಟರಲ್ಲಿ ಎದುರಾಳಿ ಮೈಮೇಲೆ. ಕೊನೆಗೆ ಎಲ್ಲರೂ ಚೆಂಡನ್ನು ಮುಂದಕ್ಕೆ ಬಾರಿಸುತ್ತಾರೆ. 1-2-1 ಅಂದರೆ ವಜ್ರದಾಕಾರ. ಒಬ್ಬ ಹಿಂದೆ, ಇಬ್ಬರು ಬದಿಗಳಲ್ಲಿ, ಒಬ್ಬ ಮುಂದೆ. ಇದರಲ್ಲಿ ಚೆಂಡು ಹಿಡಿದ ಪ್ರತಿ ಮಗುವಿಗೂ ಓರೆಯಾಗಿ ಎರಡು ದಾರಿ ಇರುತ್ತವೆ. ಓರೆ ಪಾಸ್ ಪಡೆಯುವವನ ಮೈ ಅರ್ಧ ತೆರೆದೇ ಇರುತ್ತದೆ, ಅವನಿಗೆ ಪಾಸ್ ಕೊಟ್ಟವನೂ ಮುಂದಿನ ಗೋಲೂ ಎರಡೂ ಕಾಣುತ್ತವೆ. ನನ್ನ ಮಟ್ಟಿಗೆ ಐವರ ಆಟಕ್ಕೆ ವಜ್ರದಾಕಾರವೇ ಮೊದಲ ಆಯ್ಕೆ.

ಏಳು ಜನರ ಆಟದಲ್ಲಿ ಸ್ಪರ್ಧೆ ಮುಖ್ಯವಾಗಿ 2-3-1 ಮತ್ತು 3-2-1 ನಡುವೆ. ಮೂವರು ಹಿಂದಿದ್ದರೆ ಹೆತ್ತವರಿಗೆ ಧೈರ್ಯ. ಮುಂದಿನ ಒಬ್ಬನೇ ಒಬ್ಬನಿಗೆ ಮಾತ್ರ ಸಂಕಟ. ಅವನ ಹತ್ತಿರಕ್ಕೆ ಬೆಂಬಲ ಬರುವುದರೊಳಗೆ ಚೆಂಡು ಹೋಗಿರುತ್ತದೆ. 2-3-1ರಲ್ಲಿ ನಡುವಿನ ಮೂವರಲ್ಲಿ ಬದಿಯ ಇಬ್ಬರು ದಾಳಿಯಲ್ಲಿ ಮುಂದೆ ಹೋಗುತ್ತಾರೆ, ಚೆಂಡು ಹೋದಾಗ ಹಿಂದೆ ಬರುತ್ತಾರೆ. ಎರಡೂ ಕೆಲಸ ಎಲ್ಲರೂ ಕಲಿಯುತ್ತಾರೆ. ಈ ಜೋಡಣೆಗೆ ಇನ್ನೊಂದು ಗುಣವಿದೆ: ಒಂಬತ್ತು ಜನಕ್ಕೆ ಹೋದಾಗ 3-2-3, ಹನ್ನೊಂದಕ್ಕೆ ಹೋದಾಗ 4-3-3, ಹೀಗೆ ಕಲಿತದ್ದು ವ್ಯರ್ಥವಾಗದೆ ಬೆಳೆಯುತ್ತದೆ. ದೊಡ್ಡ ತಂಡಗಳ ಆಟ ಕಲಿಯಲಿ ಎಂಬ ಪೋಷಕರ ಆಸೆಗೆ ದಾರಿ ಇದೇ.

ಟರ್ಫ್ ಬಗ್ಗೆ ಒಂದು ಮಾತು. ಎಷ್ಟೋ ಟರ್ಫ್‌ಗಳಲ್ಲಿ ಸುತ್ತ ಬಲೆಗೆ ಬಡಿದ ಚೆಂಡು ಮತ್ತೆ ಆಟದೊಳಗೆ ಬರುತ್ತದೆ, ಥ್ರೋ-ಇನ್ ಇಲ್ಲ, ಆಫ್‌ಸೈಡ್ ಇಲ್ಲ. ಅಲ್ಲಿ ಮಾತ್ರ ಆಡಿದ ಮಗುವಿಗೆ ಬದಿಗೆರೆ ಎಂಬುದರ ಅರಿವೇ ಬರುವುದಿಲ್ಲ, ಎದುರಾಳಿ ಗೋಲಿನ ಪಕ್ಕ ಕಾದು ನಿಲ್ಲುವುದೂ ಅಭ್ಯಾಸವಾಗುತ್ತದೆ. ಅಂಥ ತಂಡ ಶಾಲಾ ಟೂರ್ನಮೆಂಟ್‌ಗೆ ಮಣ್ಣಿನ ಮೈದಾನಕ್ಕೆ ಹೋದಾಗ ಫಾರ್ಮೇಶನ್ ಚೆದುರಿತು ಎಂದು ಕೋಚ್ ಬೇಸರಪಡುತ್ತಾರೆ. ಟೂರ್ನಮೆಂಟ್‌ಗೆ ಮುಂಚೆ ಕೆಲವು ದಿನವಾದರೂ ಬಡಾವಣೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಆಡಿಸಬೇಕು. ಕ್ರಿಕೆಟ್ ಹುಡುಗರೊಂದಿಗೆ ಮೈದಾನ ಹಂಚಿಕೊಳ್ಳುವುದು ನಮ್ಮ ಕಡೆ ಸುಲಭವಲ್ಲ ಎಂಬುದು ಗೊತ್ತು, ಆದರೂ ಬೆಳಿಗ್ಗೆ ಬೇಗ ಹೋದರೆ ಒಂದು ಮೂಲೆ ಸಿಗುತ್ತದೆ.

“ಎತ್ತರದವನು ಹಿಂದೆ, ವೇಗದವನು ಮುಂದೆ, ಆಡಲು ಬಾರದವನು ಗೋಲಿನಲ್ಲಿ”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಫಾರ್ಮೇಶನ್ ಎಂದರೆ ಪ್ರತಿ ಮಗುವಿಗೂ ಒಂದು ಕಾಯಂ ಜಾಗ ಎಂದುಕೊಳ್ಳುವುದರಿಂದ ಬರುತ್ತದೆ.

ಹತ್ತು ವರ್ಷಕ್ಕೆ ಎತ್ತರ ಇರುವ ಮಗು ಹದಿನೈದಕ್ಕೆ ತಂಡದಲ್ಲಿ ಸಾಧಾರಣ ಎತ್ತರದವನಾಗಿರಬಹುದು. ಬೇಗ ಬೆಳೆದ ಮಕ್ಕಳು ಕೆಲವು ವರ್ಷ ಮುಂದಿರುತ್ತಾರೆ, ಉಳಿದವರು ಆಮೇಲೆ ಸೇರಿಕೊಳ್ಳುತ್ತಾರೆ. ಒಂದೇ ವಯೋಮಿತಿಯ ತಂಡದಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚು ಕಡಿಮೆ ಒಂದು ವರ್ಷದ ಅಂತರ. ಎಂಟು ಒಂಬತ್ತರ ವಯಸ್ಸಿನಲ್ಲಿ ಆ ಒಂದು ವರ್ಷ ಬಹಳ ದೊಡ್ಡದು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಲ್ಲಿ ಹೆಚ್ಚಾಗಿ ಕಾಣುತ್ತಾರೆ ಎಂಬುದನ್ನು ಹಲವು ದೇಶಗಳ ಯುವ ಫುಟ್‌ಬಾಲ್‌ನಲ್ಲಿ ಸಂಶೋಧಕರು ಗುರುತಿಸಿದ್ದಾರೆ. ಇಂದಿನ ಎತ್ತರ, ಇಂದಿನ ವೇಗ ನೋಡಿ ಜಾಗ ಗೊತ್ತುಮಾಡಿದರೆ ನಾವು ಅಳೆಯುತ್ತಿರುವುದು ಹುಟ್ಟಿದ ತಿಂಗಳನ್ನು.

ಭಾರತದ ಫುಟ್‌ಬಾಲ್ ಕಂಡ ಅತ್ಯುತ್ತಮ ಕೋಚ್ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು, ವೃತ್ತಿಯಿಂದ ಶಾಲಾ ಮೇಷ್ಟ್ರು. ಡ್ರಿಬ್ಲ್ ಮಾಡಬಾರದು ಎಂಬ ನಿಯಮದ ಪಂದ್ಯಗಳು, ದುರ್ಬಲ ಕಾಲಿನಲ್ಲೇ ಆಡಬೇಕಾದ ಪಂದ್ಯಗಳು, ಹೀಗೆ ಆಟಗಾರನ ಕೊರತೆ ತುಂಬಿಸುವ ಆಟಗಳನ್ನು ಅವರು ನಡೆಸುತ್ತಿದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದರು. ಹಿಂದೆ ನಿಲ್ಲಿಸುವುದು ಕಷ್ಟವೆಂದು ರಹೀಮ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಏಷ್ಯದ ಅತ್ಯುತ್ತಮ ಡಿಫೆಂಡರ್‌ಗಳಲ್ಲಿ ಒಬ್ಬರೆನಿಸಿದವರಿಗೆ ಗೋಲು ಹೊಡೆಯುವ ಕಸುವೂ ಇತ್ತು. ಬೇಕಾದ ದಿನ ಅದು ಒದಗಿತು.

ಹಾಗಾಗಿ 12 ವರ್ಷದೊಳಗೆ ಪ್ರತಿ ಮಗುವೂ ಹಿಂದೆ, ನಡುವೆ, ಮುಂದೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ಆಡಬೇಕು. ಗೋಲಿನಲ್ಲೂ ಸರದಿ ಬರಬೇಕು. ಗೋಲಿನಿಂದ ನೋಡಿದಾಗ ಮೈದಾನ ಪೂರ್ತಿ ಕಾಣುತ್ತದೆ, ಆ ನೋಟ ಕಂಡ ಮಗುವಿಗೆ ಡಿಫೆಂಡರ್ ಯಾಕೆ ಅಲ್ಲಿ ನಿಲ್ಲಬೇಕೆಂದು ಬೇಗ ತಿಳಿಯುತ್ತದೆ. “ನಮ್ಮ ಮಗ ಸ್ಟ್ರೈಕರ್ ಸಾರ್, ಹಿಂದೆ ಹಾಕಬೇಡಿ” ಎನ್ನುವ ತಂದೆಗೆ ಕೋಚ್ ಮೃದುವಾಗಿ, ಆದರೆ ಗಟ್ಟಿಯಾಗಿ ಹೇಳಬೇಕು: ಅವನು ಒಳ್ಳೆಯ ಸ್ಟ್ರೈಕರ್ ಆಗಲೆಂದೇ ಹಿಂದೆ ಆಡಿಸುತ್ತಿದ್ದೇನೆ. ಸ್ಥಾನ ಬದಲಿಸುವುದನ್ನು ಪಂದ್ಯದ ನಡುವೆ ಗಡಿಬಿಡಿಯಲ್ಲಿ ಮಾಡಬೇಡಿ. ಒಂದು ಪಂದ್ಯಕ್ಕೆ ಅಥವಾ ಒಂದು ಅರ್ಧಕ್ಕೆ ಒಂದು ಜಾಗ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಯಾರಿಗೆ ಯಾವುದು ಬಾಕಿ ಎಂದು ಪುಸ್ತಕವೇ ಹೇಳುತ್ತದೆ.

ಇನ್ನೂ ಕೆಲವು

“ಹಿಂದೆ ಜಾಸ್ತಿ ಜನ ಇದ್ದರೆ ಗೋಲು ಬೀಳಲ್ಲ.” ಬೀಳುತ್ತದೆ. ಗೋಲಿನ ಮುಂದೆ ನಾಲ್ಕು ಮಕ್ಕಳು ನಿಂತರೆ ಚೆಂಡು ಹೊರಹಾಕಿದರೂ ಅದನ್ನು ಹಿಡಿಯಲು ಮುಂದೆ ನಮ್ಮವರಿಲ್ಲ. ಎರಡೇ ಕ್ಷಣದಲ್ಲಿ ಅದು ಮತ್ತೆ ವಾಪಸು. ಗೋಲ್‌ಕೀಪರನಿಗೆ ಕೂಡ ನಮ್ಮವರ ಕಾಲುಗಳ ನಡುವೆ ಚೆಂಡು ಕಾಣುವುದಿಲ್ಲ.

“ಸೋತರೆ ಫಾರ್ಮೇಶನ್ ಬದಲಿಸಬೇಕು.” ಮಕ್ಕಳಿಗೆ ಒಂದು ಜೋಡಣೆ ಮೈಗೂಡಲು ತಿಂಗಳುಗಳು ಬೇಕು. ಪ್ರತಿ ಸೋಲಿಗೂ ಬದಲಿಸಿದರೆ ಮಕ್ಕಳು ಸಂಖ್ಯೆ ಉರುಹೊಡೆಯುತ್ತಾರೆ, ಆಟ ಕಲಿಯುವುದಿಲ್ಲ. ಒಂದು ಹಂಗಾಮಿಗೆ ಒಂದೇ ಸಾಕು, ಅದರೊಳಗೆ ಮಕ್ಕಳ ಜಾಗಗಳು ತಿರುಗಲಿ. ಆದರೆ ಆ ದಿನ ಬಂದ ಮಕ್ಕಳ ಸಂಖ್ಯೆ ಕಡಿಮೆಯಾದರೆ, ಮಳೆಗೆ ಮೈದಾನ ಕೆಸರಾದರೆ ಬದಲಿಸುವುದರಲ್ಲಿ ತಪ್ಪಿಲ್ಲ. ಅದಕ್ಕೆ ಕಾರಣವನ್ನು ಮಕ್ಕಳಿಗೂ ಹೇಳಿ.

“ಕೋಚ್ ಪಕ್ಕದಲ್ಲಿ ನಿಂತು ಹೇಳುತ್ತಿರಬೇಕು.” ಚೆಂಡು ಕಾಲಲ್ಲಿರುವಾಗ ಬದಿಯಿಂದ ಬರುವ ಕೂಗು ಮಗುವಿನ ನಿರ್ಧಾರವನ್ನು ಕಸಿದುಕೊಳ್ಳುತ್ತದೆ. ಒಂದು ಕಡೆ ಕೋಚ್ “ಪಾಸ್!” ಎನ್ನುತ್ತಾರೆ, ಇನ್ನೊಂದು ಕಡೆ ಅಪ್ಪ “ಹೊಡಿಯೋ!” ಎನ್ನುತ್ತಾರೆ. ಮಗು ನಿಂತುಬಿಡುತ್ತದೆ. ಹೇಳುವುದನ್ನು ಅರ್ಧವಿರಾಮಕ್ಕೆ ಉಳಿಸಿ, ಅದನ್ನೂ ಪ್ರಶ್ನೆಯಾಗಿ ಕೇಳಿ: ಎದುರಿನವರು ನಮ್ಮ ಎಡಗಡೆಯಿಂದಲೇ ಯಾಕೆ ಬರುತ್ತಿದ್ದಾರೆ? ಯಾರು ಅಲ್ಲಿ ಸಹಾಯಕ್ಕೆ ಹೋಗಬಹುದು? ಹತ್ತು ವರ್ಷದ ಮಕ್ಕಳು ಇದಕ್ಕೆ ಚೆನ್ನಾಗಿಯೇ ಉತ್ತರ ಕೊಡುತ್ತಾರೆ.

ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಮಕ್ಕಳ ಟೂರ್ನಮೆಂಟ್ ನಡೆಸುವ ಶಾಲೆಗಳು, ಸಂಘಗಳು, ಟರ್ಫ್ ಮಾಲೀಕರಲ್ಲಿ ನನ್ನ ಕೋರಿಕೆ ಇದು. 12ರೊಳಗಿನ ಮಕ್ಕಳನ್ನು ಹನ್ನೊಂದು ಜನರ ಆಟಕ್ಕೆ ಇಳಿಸಬೇಡಿ. ಚಿಕ್ಕ ಗೋಲು, ವಯಸ್ಸಿಗೆ ತಕ್ಕ ಚೆಂಡು ಇಡಿ. ಬಂದ ಪ್ರತಿ ಮಗುವೂ ಕನಿಷ್ಠ ಅರ್ಧ ಪಂದ್ಯ ಆಡಲೇಬೇಕು ಎಂದು ನಿಯಮದಲ್ಲೇ ಬರೆಯಿರಿ. ಪೋಷಕರೇ, ಮುಂದಿನ ಸಲ ಕೋಚ್ ಸಿಕ್ಕಾಗ ಯಾವ ಫಾರ್ಮೇಶನ್ ಎಂದು ಕೇಳುವ ಮೊದಲು, ಈ ತಿಂಗಳು ನಮ್ಮ ಮಗು ಎಷ್ಟು ಬೇರೆ ಬೇರೆ ಜಾಗಗಳಲ್ಲಿ ಆಡಿತು ಎಂದು ಕೇಳಿ.